ವಾಡೆಯ ಗೋಡೆಯ ಮೇಲಿನ ಫೋಟೊಗಳು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮೂರು ವರ್ಷದ ಹಿಂದೆ ಶ್ರೀಮಠದ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಸುತ್ತಲಿನ ಊರುಗಳ ಹಳೆಯ ಫೋಟೊಗಳನ್ನು ಕೂಡಿಸಲು ತೊಡಗಿದಾಗ, ಗ್ರಂಥಾಲಯ ಸಮಿತಿಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದರು: “ಮಠದಾಗ ಬಸವಣ್ಣನವರ ಭಾವಚಿತ್ರ ಐತಿ, ಲಿಂಗೈಕ್ಯ ಗುರುಗಳ ಭಾವಚಿತ್ರ ಐತಿ. ದೇಸಾಯರ ಮೀಸಿ ಯಾಕ ಬೇಕ್ರಿ ಇಲ್ಲಿ?” ಅಂದು ನಾನು ನಕ್ಕು ಸುಮ್ಮನಾದೆ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ನನ್ನಲ್ಲಿರಲಿಲ್ಲ. ಈಗ ಸ್ವಲ್ಪ ಇದೆ. ಅದನ್ನು ನಿಮ್ಮ ಮುಂದೆ ಇಡಲು ಅಪ್ಪಗಳು ಅಪ್ಪಣೆ ಮಾಡಿದ್ದಾರೆ.

ನಾನು ವಾಡೆಯ ಮನೆತನದವನು. ಹಾಗೆಂದ ಕೂಡಲೆ ಕೆಲವರು ಕೈಮುಗಿಯುತ್ತಾರೆ, ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಎರಡಕ್ಕೂ ಕಾರಣ ಇದೆ. ಮುಂಬಯಿ ಸರಕಾರ 1950ರಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. ದೇಸಗತಿಯ ಅಧಿಕಾರ ಅಲ್ಲಿಗೆ ಮುಗಿಯಿತು. ಮುಂದೆ 1974ರ ಭೂಸುಧಾರಣೆ ತಿದ್ದುಪಡಿ ಬಂದು ಗೇಣಿ ಹೊಲಗಳು ಉಳುವವರ ಹೆಸರಿಗೆ ಹೋದವು. ಹೋಗಬೇಕಾದದ್ದೇ ಹೋಯಿತು ಎಂದು ನಾನು ನಂಬಿದವನು. ನಮ್ಮಪ್ಪ ಕೊನೆಯವರೆಗೂ ನಂಬಲಿಲ್ಲ. ಹೊಲ ಹೋದ ಮೇಲೆ ವಾಡೆಯಲ್ಲಿ ಉಳಿದದ್ದು ಕಂಬಗಳು, ಹಳೆಯ ಪತ್ರಗಳ ಗಂಟುಗಳು, ಪಡಸಾಲೆಯ ಗೋಡೆಯಿಂದ ಮುಂದಕ್ಕೆ ಬಾಗಿ ತೂಗುವ ಫೋಟೊಗಳು. ಕಂಬಗಳನ್ನು ಹೋಟೆಲು ಕಟ್ಟುವವರು ಒಯ್ದರು. ಪತ್ರಗಳನ್ನು ಗೆದ್ದಲು ತಿಂದಿತು. ಫೋಟೊಗಳ ಸಾಗವಾನಿ ಚೌಕಟ್ಟಿಗೆ ಮಾತ್ರ ಇಂದಿಗೂ ಗಿರಾಕಿ ಇದ್ದಾರೆ. ಚೌಕಟ್ಟು ಕೊಂಡವರೊಬ್ಬರು ಒಳಗಿನ ಚಿತ್ರವನ್ನು ನಮ್ಮ ಕಟ್ಟೆಯ ಮೇಲೆಯೇ ಬಿಚ್ಚಿ ಬಿಸಾಕಿ ಹೋದದ್ದನ್ನು ನಾನೇ ಕಂಡಿದ್ದೇನೆ.

ಆ ದಿನ ನನಗೆ ನೆನಪಾದವರು ಫ. ಗು. ಹಳಕಟ್ಟಿಯವರು. ಅವರು ಊರೂರು ತಿರುಗಿ ಓಲೆಗರಿಯ ಕಟ್ಟುಗಳನ್ನು ಕೂಡಿಸಿದ್ದು, 1923ರಲ್ಲಿ ವಚನಶಾಸ್ತ್ರಸಾರ ಹೊರತಂದದ್ದು, 1926ರಲ್ಲಿ ಶಿವಾನುಭವ ಪತ್ರಿಕೆ ತೊಡಗಿದ್ದು, ಮುದ್ರಣಾಲಯಕ್ಕಾಗಿ ಮನೆ ಮಾರಿದ್ದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಆದರೆ ಆ ಕಟ್ಟುಗಳು ಎಲ್ಲಿದ್ದವು? ಎಷ್ಟೋ ಮನೆಗಳಲ್ಲಿ ದೇವರ ಜಗುಲಿಯ ಮೇಲೆ, ವಿಭೂತಿ ಕುಂಕುಮ ಏರಿಸಿಕೊಂಡು. ಪೂಜೆ ನಡೆದಿತ್ತು, ಓದು ನಿಂತಿತ್ತು. ಒಳಗೆ ಯಾರ ಮಾತಿದೆ ಎಂಬುದು ಪೂಜಿಸುವವರಿಗೇ ತಿಳಿಯದಾಗಿತ್ತು. ನಮ್ಮ ಪಡಸಾಲೆಯ ಫೋಟೊಗಳದೂ ಅದೇ ಸ್ಥಿತಿ. ಅಮಾವಾಸ್ಯೆಗೆ ಒರೆಸುತ್ತೇವೆ, ಗಂಧ ಹಚ್ಚುತ್ತೇವೆ, ಹಾರ ಹಾಕುತ್ತೇವೆ. ಇವರು ಯಾರು ಎಂದು ಮೊಮ್ಮಗ ಕೇಳಿದರೆ “ನಮ್ಮ ಹಿರ್ಯಾರು” ಎನ್ನುತ್ತೇವೆ. ಯಾವ ಹಿರಿಯರು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಒಂದು ಚಿತ್ರದ ವಿಷಯ ಹೇಳುತ್ತೇನೆ. ಸುಮಾರು ನೂರು ವರ್ಷದ ಹಿಂದಿನದು, ದಪ್ಪ ರಟ್ಟಿಗೆ ಅಂಟಿಸಿದ್ದು, ನಮ್ಮ ವಾಡೆಯ ಮಹಾದ್ವಾರದ ಮುಂದೆ ತೆಗೆದದ್ದು. ನಡುವೆ ಕುರ್ಚಿಯಲ್ಲಿ ನನ್ನ ಮುತ್ತಜ್ಜ: ಜರಿಯಂಚಿನ ರುಮಾಲು, ಉದ್ದ ಕೋಟು, ಮೊಣಕಾಲ ಮೇಲೆ ಕೈ. ಅಕ್ಕಪಕ್ಕ ಅವರ ಅಣ್ಣತಮ್ಮಂದಿರು. ಮುಂದೆ ಜಮಖಾನೆಯ ಮೇಲೆ ಆ ದಿನ ದತ್ತಕ ತೆಗೆದುಕೊಂಡ ಹುಡುಗ, ಅಳುವುದಕ್ಕೆ ಸಿದ್ಧವಾದ ಮುಖ. ಬಲಕ್ಕೆ ಒಂದು ಬಿಳಿ ಕುದುರೆ. ಅದರ ಲಗಾಮು ಹಿಡಿದು ಚಿತ್ರದ ತುದಿಯಲ್ಲಿ ಒಬ್ಬರು ನಿಂತಿದ್ದಾರೆ. ಮೊಣಕಾಲಿನವರೆಗೆ ಧೋತರ, ಹೆಗಲ ಮೇಲೆ ಕಂಬಳಿ, ಬರಿಗಾಲು. ಹಿಂದೆ ಗೋಡೆಯ ನೆರಳಿನಲ್ಲಿ ಇನ್ನೂ ಎಂಟು ಹತ್ತು ಜನ. ಆ ಕ್ಯಾಮೆರಾಕ್ಕೆ ಸ್ವಲ್ಪ ಹೊತ್ತು ಬೇಕಿತ್ತು. ಕುದುರೆ ತಲೆ ಅಲ್ಲಾಡಿಸಿದೆ, ಅದರ ಮುಖ ಮಸುಕು. ಹುಡುಗನೂ ಮಿಸುಕಾಡಿದ್ದಾನೆ. ಕುದುರೆ ಹಿಡಿದವರು ಅಲ್ಲಾಡಿಲ್ಲ. ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಮೂಡಿದ ಮುಖ ಅವರದೇ.

ರಟ್ಟಿನ ಹಿಂಬದಿಯಲ್ಲಿ ಮೋಡಿ ಲಿಪಿಯ ಮೂರು ಸಾಲು ಇವೆ. ನಮ್ಮ ಮನೆಯಲ್ಲಿ ಮೋಡಿ ಓದುವವರು ನಮ್ಮಜ್ಜನಿಗೇ ಮುಗಿದರು. ಬಲ್ಲವರೊಬ್ಬರ ಬಳಿ ಒಯ್ದೆ. ಅವರು ಭೂತಗನ್ನಡಿ ಹಿಡಿದು ಓದುತ್ತ ಹೋದರು. ಕುರ್ಚಿಯಲ್ಲಿ ಕುಳಿತವರ ಹೆಸರು, ಅಣ್ಣತಮ್ಮಂದಿರ ಹೆಸರು, ದತ್ತಕ ಹುಡುಗನ ಹಳೆಯ ಹೆಸರು, ಹೊಸ ಹೆಸರು. ಕೊನೆಗೆ ಒಂದು ಹೆಸರು ಓದಿ “ಇವರು ಯಾರು?” ಎಂದು ಕೇಳಿದರು. ನಮ್ಮ ವಂಶಾವಳಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಇಬ್ಬರೂ ಚಿತ್ರ ತಿರುವಿ ತಲೆ ಎಣಿಸಿದೆವು, ಮತ್ತೆ ಎಣಿಸಿದೆವು. ಆಮೇಲೆ ಹೊಳೆಯಿತು. ಅದು ಕುದುರೆಯ ಹೆಸರು.

ಕುದುರೆಯ ಹೆಸರು ಬರೆದಿದ್ದಾರೆ. ಹಿಡಿದವರ ಹೆಸರು ಬರೆದಿಲ್ಲ.

ಇಷ್ಟೇ ಆಗಿದ್ದರೆ ತಪ್ಪನ್ನು ಮುತ್ತಜ್ಜನ ಮೇಲೆ ಹಾಕಿ ನಾನು ಹಗುರಾಗಬಹುದಿತ್ತು. ಆದರೆ ಅದೇ ಚಿತ್ರದ ಮೇಲೆ ನೀಲಿ ಬಾಲ್‌ಪೆನ್ನಿನ ಒಂದು ಗೆರೆ ಇದೆ, ಕುದುರೆಗೂ ಆ ಮನುಷ್ಯನ ಭುಜಕ್ಕೂ ನಡುವೆ, ಮೇಲಿಂದ ಕೆಳಗಿನವರೆಗೆ. ಅದನ್ನು ಎಳೆದವನು ನಾನು. ಇಪ್ಪತ್ತೈದು ವರ್ಷದ ಹಿಂದೆ ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ನಾನು ಸಂಪಾದಕ. ಚಿತ್ರ ಎಷ್ಟರವರೆಗೆ ಬೇಕು ಎಂದು ಪ್ರೆಸ್ಸಿನ ಹುಡುಗ ಕೇಳಿದ. ಇಲ್ಲಿಗೆ ಸಾಕು ಎಂದು ಗೆರೆ ಹಾಕಿ ಕೊಟ್ಟೆ. ಪುಟದಲ್ಲಿ ಜಾಗವಿಲ್ಲ ಎಂಬುದು ಆಗ ಹೇಳಿದ ಕಾರಣ. ಬರಿಗಾಲಿನ ಮನುಷ್ಯ ಅಂಥ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡಿರಲಿಕ್ಕಿಲ್ಲ, ಆದರೆ ಕೈ ಹಾಗೆಯೇ ಮಾಡಿತು. ಅದೇ ಸಂಚಿಕೆಯಲ್ಲಿ ಕಾಯಕ ತತ್ತ್ವದ ಮೇಲೆ ನನ್ನದೊಂದು ಲೇಖನವೂ ಇದೆ. ನಾಲ್ಕು ಪುಟ. ಮೆಚ್ಚಿಕೊಂಡು ಪತ್ರ ಬರೆದವರಿದ್ದರು.

ಲಗಾಮು ಹಿಡಿದ ಕೈ ಮಾತ್ರ ಗೆರೆಯ ಈಚೆ ಉಳಿದುಬಿಟ್ಟಿದೆ. ಸಂಚಿಕೆ ತೆಗೆದು ನೋಡಿದರೆ ಕುದುರೆಯ ಮೂತಿಯ ಬಳಿ ಒಂದು ಕೈ ಕಾಣುತ್ತದೆ. ಅದರ ಹಿಂದೆ ಯಾರೂ ಇಲ್ಲ.

ನಮ್ಮ ಶರಣರ ಹೆಸರುಗಳನ್ನು ಒಮ್ಮೆ ನೆನೆಯಿರಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಒಗೆದವರು, ದೋಣಿ ನಡೆಸಿದವರು, ಹಗ್ಗ ಹೊಸೆದವರು, ಚೆಲ್ಲಿದ ಅಕ್ಕಿ ಆಯ್ದವರು. ಎಂಟುನೂರು ವರ್ಷ ದಾಟಿ ಆ ಹೆಸರುಗಳು ನಮ್ಮವರೆಗೆ ಬಂದದ್ದು ಕಾಯಕದ ಸಮೇತ. ಹನ್ನೆರಡನೆಯ ಶತಮಾನದಲ್ಲಿ ದನ ಕಾಯ್ದವರ ಹೆಸರು ನಮಗೆ ಗೊತ್ತಿದೆ. ಮೊನ್ನೆ ಮೊನ್ನೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಅಂಗಳದಲ್ಲಿ ಕುದುರೆ ಹಿಡಿದು ನಿಂತವರ ಹೆಸರು ಗೊತ್ತಿಲ್ಲ. ಸಮಿತಿಯ ಹಿರಿಯರಿಗೆ ನಾನು ಈಗ ಕೊಡುವ ಉತ್ತರ ಇದೇ: ಮೀಸೆಗಾಗಿ ಅಲ್ಲ, ಹಿಂದಿನ ಸಾಲಿನವರಿಗಾಗಿ ಈ ಚಿತ್ರಗಳು ಬೇಕು. ದೇಸಾಯರಿಗೆ ಸ್ಟುಡಿಯೋದಲ್ಲಿ ಹೂದಾನಿಯ ಪಕ್ಕ ಕುಳಿತು ತೆಗೆಸಿಕೊಂಡ ಚಿತ್ರಗಳು ಬೇರೆ ಇವೆ. ಕುದುರೆ ಹಿಡಿದವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದ್ದು ಕುದುರೆ ನಿಲ್ಲಲಿ ಎಂದು. ಅವರಿಗೆ ಇದೊಂದೇ.

ನಮ್ಮ ಸೀಮೆಗೆ ಕ್ಯಾಮೆರಾ ಬಂದದ್ದೂ ಹೀಗೆಯೇ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ದೊಡ್ಡದೊಂದು ಪುಸ್ತಕ ಬಂತು. ಬಿಗ್ಸ್, ಪಿಗೂ, ನೀಲ್ ಎಂಬವರು ತೆಗೆದ ಫೋಟೊಗಳು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಬರೆದ ವಿವರಣೆ. ಕಂಬದ ಎತ್ತರ ತಿಳಿಯಲೆಂದು ಊರಿನವರೊಬ್ಬರನ್ನು ಕಂಬದ ಪಕ್ಕ ನಿಲ್ಲಿಸುವುದು ಆ ಕಾಲದ ಫೋಟೊಗ್ರಾಫರರ ರೂಢಿ. ಅಳತೆಗೋಲಿನ ಹೆಸರು ಯಾರು ಕೇಳುತ್ತಾರೆ?

ವಾಡೆಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದವರು ಶಿರಸಂಗಿ ಲಿಂಗರಾಜರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಶಿಕ್ಷಣಕ್ಕೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಅವರ ರುಮಾಲಿನ ಭಾವಚಿತ್ರ ನೋಡದೆ ನಮ್ಮ ಭಾಗದಲ್ಲಿ ಓದಿ ಬಂದವರು ಕಡಿಮೆ. ಆ ಚಿತ್ರಕ್ಕೆ ನಾನೂ ಕೈಮುಗಿದೇ ಪರೀಕ್ಷೆಗೆ ಹೋದವನು. ಆದರೆ ಯಾವ ಸಂಸ್ಥಾನದ ಆಸ್ತಿಯೂ ಹುಟ್ಟಿದ್ದು ಹೊಲದಲ್ಲಿ, ಗೇಣಿ ಅಳೆದವರ ಕೈಯಲ್ಲಿ. ಕೊಟ್ಟವರ ಚಿತ್ರ ಗೋಡೆಯ ಮೇಲಿದೆ. ಬೆಳೆದುಕೊಟ್ಟವರನ್ನು ಹುಡುಕಬೇಕಾದರೆ ನಮ್ಮಂಥವರ ಅಟ್ಟ ಹತ್ತಬೇಕು.

ಕುದುರೆ ಹಿಡಿದವರು ಸಿಕ್ಕದ್ದು ಮಠದ ಜಾತ್ರೆಯಲ್ಲಿ. ಕೆಲವು ಚಿತ್ರಗಳ ದೊಡ್ಡ ಪ್ರತಿ ಮಾಡಿಸಿ ದಾಸೋಹದ ಸಾಲು ನಿಲ್ಲುವ ಕಡೆ ಹಗ್ಗಕ್ಕೆ ತೂಗುಹಾಕಿದ್ದೆವು. ಹೊತ್ತು ಕಳೆಯಲು ಜನ ನೋಡಲಿ, ಗುರುತು ಹತ್ತಿದರೆ ಹೇಳಲಿ ಎಂದು. ಎರಡನೆಯ ದಿನ ಎಂಬತ್ತು ದಾಟಿದ ಒಬ್ಬ ತಾಯಿ ಆ ಚಿತ್ರದ ಮುಂದೆ ನಿಂತರು. ಸಾಲು ಮುಂದೆ ಹೋದರೂ ಅವರು ಹೋಗಲಿಲ್ಲ. ಅವರು ನೋಡುತ್ತಿದ್ದದ್ದು ಮುಖವನ್ನಲ್ಲ, ಕೆಳಗೆ ಎಲ್ಲೋ.

“ಯಪ್ಪಾ, ಈ ಕಾಲ ನಮ್ಮ ಮುತ್ಯಾಂದು.”

“ಹೆಂಗ ಗೊತ್ತಾತು, ಆಯಿ?”

“ಹೆಬ್ಬೆರಳ ನೋಡ್ರಿ, ಅಡ್ಡ ಹೊಳ್ಳೇತಿ. ಧಣ್ಯಾರ ಕುದುರಿ ತುಳಿದಿದ್ದು. ಸಣ್ಣಾಕಿ ಇದ್ದಾಗ ನಾ ಅದಕ ಎಣ್ಣಿ ತಿಕ್ಕತಿದ್ದೆ.”

ಆಮೇಲೆ ತಲೆ ಎತ್ತಿ ಮುಖ ನೋಡಿದರು. ಅವರು ಕಂಡ ಮುತ್ಯಾ ಮುದುಕ. ಇದು ಮೂವತ್ತರ ಮುಖ. ಅದನ್ನು ಅವರು ಮೊದಲ ಸಲ ನೋಡುತ್ತಿದ್ದರು. ನಾನು ಹೆಸರು ಕೇಳಿದೆ, ಹೇಳಿದರು. ಕುದುರೆ ಹಿಡಿಯುವುದಷ್ಟೇ ಅಲ್ಲ, ಹೊಟ್ಟೆಯುಬ್ಬರದ ದನಗಳಿಗೆ ಔಷಧ ಕೊಡಲು ಅವರನ್ನು ಸುತ್ತಲಿನ ಊರಿನವರು ರಾತ್ರೋರಾತ್ರಿ ಕರೆದೊಯ್ಯುತ್ತಿದ್ದರು ಎಂಬುದನ್ನೂ ಹೇಳಿದರು. ಇದು ನಮ್ಮ ಮನೆಯ ಯಾವ ಕಾಗದದಲ್ಲೂ ಇಲ್ಲ. ನನ್ನ ಗೆರೆಯ ವಿಷಯವನ್ನು ನಾನು ಅವರಿಗೆ ಹೇಳಿದೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ, ಸಣ್ಣದೂ ಮಾಡಲಿಲ್ಲ. “ನನಗೊಂದ ಪ್ರತಿ ಕೊಡ್ರಿ” ಎಂದಷ್ಟೇ ಕೇಳಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಎಂಟು ದಿನ ಬಿಟ್ಟು ಅವರ ಮೊಮ್ಮಗ ಬಂದರು. ಓದಿ ನೌಕರಿಯಲ್ಲಿದ್ದವರು. ಮಾತು ಮೆತ್ತಗಿತ್ತು, ಸಿಟ್ಟು ಇತ್ತು. “ಸರ್, ನಿಮ್ಮ ಮುತ್ತಜ್ಜ ಕುರ್ಚಿ ಮ್ಯಾಲ ಕುಂತಾರ, ನಮ್ಮವ್ರು ಕುದುರಿ ಹಿಡದಾರ. ಅದರ ಕೆಳಗ ಹೆಸರು ಬರದು ಗ್ವಾಡಿಗಿ ಹಾಕಿದ್ರ ನಮಗ ಏನ ಬಂತು? ಇವ್ರು ಅವರ ಆಳಾಗಿದ್ರು ಅಂತ ನಾಕ ಊರಿಗೆ ಗೊತ್ತಾತು, ಅಷ್ಟ.”

ಹೆಸರು ಬರೆದರೆ ಉಪಕಾರವಾಗುತ್ತದೆ ಎಂದು ನಾನು ತಿಳಿದಿದ್ದೆ. ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅಜ್ಜಿಯನ್ನೂ ಕರೆಸಿದೆವು. ಅಪ್ಪಗಳು ಇಬ್ಬರ ಮಾತನ್ನೂ ಕೇಳಿಸಿಕೊಂಡರು, ನನಗೆ ಮಾತಾಡಲು ಹೆಚ್ಚು ಅವಕಾಶ ಕೊಡಲಿಲ್ಲ, ಅದು ಸರಿಯೂ ಆಯಿತು. ಕೊನೆಗೆ ಚಿತ್ರದ ಕೆಳಗಿನ ಬರಹವನ್ನು ಆ ಮೊಮ್ಮಗನೇ ಬರೆದರು: ಮೊದಲು ಹೆಸರು, ಆಮೇಲೆ “ಕುದುರೆ ಪಳಗಿಸುತ್ತಿದ್ದವರು, ದನಕರುಗಳ ವೈದ್ಯರು.” ಕೋಣೆಯಲ್ಲಿ ಹೆಸರು ಇರಲಿ, ಪತ್ರಿಕೆಯಲ್ಲಿ ಅಚ್ಚಾಗುವುದು ಬೇಡ, ವೇದಿಕೆಯ ಮೇಲೆ ಹೇಳುವುದೂ ಬೇಡ ಎಂಬುದು ಅವರ ಷರತ್ತು. ಅದಕ್ಕೇ ಇವತ್ತು ನಾನು ಆ ಹೆಸರು ಹೇಳಲಿಲ್ಲ. ನೋಡಬೇಕೆಂದವರು ಕೋಣೆಗೆ ಬಂದು ನೋಡಬೇಕು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಚಿತ್ರ ಕೊಟ್ಟವರ ಒಪ್ಪಿಗೆ ಸಾಲದು, ಚಿತ್ರದಲ್ಲಿ ಇದ್ದವರ ಮನೆಯವರು ಗೊತ್ತಾದರೆ ಅವರನ್ನೂ ಕೇಳಬೇಕು. ಇನ್ನೊಂದು ನಿಯಮ, ಯಾವ ಚಿತ್ರವನ್ನೂ ಕತ್ತರಿಸಬಾರದು. ಇದಕ್ಕೆ ಬೆಲೆ ತೆತ್ತಿದ್ದೇವೆ. ಒಂದು ಮನೆತನದವರು ತಮ್ಮ ಮದುವೆಯ ಚಿತ್ರ ತಂದರು. ಪಂಕ್ತಿಯಲ್ಲಿ ಕುಳಿತು ಉಣ್ಣುವವರ ಆಚೆ, ಕಂಪೌಂಡಿನ ಹೊರಗೆ, ಕೈಯಲ್ಲಿ ಗಂಗಾಳ ಹಿಡಿದು ಕಾಯುತ್ತ ನಿಂತವರು ಕಾಣುತ್ತಾರೆ. “ಆ ಭಾಗ ತೆಗೆದು ಇಟ್ಟುಕೊಳ್ಳಿ” ಎಂದರು. ಆಗದು ಎಂದೆವು. ಚಿತ್ರ ವಾಪಸು ಒಯ್ದರು. ಅಂಥ ಚಿತ್ರ ನಮಗೆ ಇನ್ನೊಂದು ಸಿಕ್ಕಿಲ್ಲ.

ತಾಯಂದಿರ ಚಿತ್ರಗಳದು ಬೇರೆಯೇ ಮಾತು. ನಮ್ಮ ಮನೆಯಲ್ಲಿ ನನ್ನ ಅಜ್ಜಿಯದು ಒಂದೇ ಫೋಟೊ. ಅದು ಅವರು ಲಿಂಗೈಕ್ಯರಾದ ದಿನ ತೆಗೆದದ್ದು. ವಿಮಾನದಲ್ಲಿ ಕೂರಿಸಿ, ಹಣೆ ತೋಳುಗಳಿಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತ ಚಿತ್ರ. ಇಂಥವು ನಿಮ್ಮ ಮನೆಗಳಲ್ಲೂ ಇವೆ. ಬದುಕಿದ್ದಾಗ ಯಾರಿಗೂ ಅವರನ್ನು ಒಂದು ಗಳಿಗೆ ಕೂರಿಸಿ ಚಿತ್ರ ತೆಗೆಸಬೇಕೆಂದು ಅನಿಸಲಿಲ್ಲ. ನಾನು ಅದರಲ್ಲಿ ನಾಲ್ಕು ವರ್ಷದ ಹುಡುಗ, ಅಜ್ಜಿಯ ಸೀರೆಯ ಸೆರಗು ಹಿಡಿದಿದ್ದೇನೆ. ಈ ಬಗೆಯ ಚಿತ್ರಗಳನ್ನು ನಾವು ಗೋಡೆಗೆ ಹಾಕುವುದಿಲ್ಲ. ಪ್ರತಿ ಮಾಡಿ, ಹೆಸರು ಬರೆದು, ಬೇರೆ ಕಪಾಟಿನಲ್ಲಿ ಇಡುತ್ತೇವೆ. ಮನೆಯವರು ಕೇಳಿದರೆ ತೆಗೆದು ತೋರಿಸುತ್ತೇವೆ.

ಇನ್ನು ಕಾಪಾಡುವ ವಿಷಯ. ನಮ್ಮ ಮನೆಗಳಲ್ಲಿ ಫೋಟೊಗಳಿಗೆ ದೊಡ್ಡ ಶತ್ರು ನಮ್ಮ ಭಕ್ತಿಯೇ. ಗಾಜಿನ ಮೇಲೆ ಹಚ್ಚಿದ ಒದ್ದೆ ಗಂಧ ಅಂಚಿನ ಸಂದಿಯಿಂದ ಒಳಗೆ ಇಳಿಯುತ್ತದೆ. ಹಸಿ ಹೂವಿನ ಹಾರದ ನೀರೂ ಹಾಗೆಯೇ. ಊದಿನಕಡ್ಡಿಯ ಹೊಗೆ ಪದರವಾಗಿ ಕೂರುತ್ತದೆ. ಸುಮಾರು ನೂರು ವರ್ಷದಿಂದ ಈಚಿನ ಕಪ್ಪುಬಿಳುಪು ಚಿತ್ರಗಳಲ್ಲಿ ಹೆಚ್ಚಿನವು ಜಿಲೆಟಿನ್ ಎಂಬ ಅಂಟುಪದರದಲ್ಲಿ ಬೆಳ್ಳಿಯ ಕಣಗಳಿಂದ ಮೂಡಿದವು. ಮಳೆಗಾಲದ ತೇವಕ್ಕೆ ಆ ಪದರ ಉಬ್ಬಿ ಗಾಜಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಎಳೆದು ಬಿಡಿಸಬೇಡಿರಿ, ನೀರು ಹಾಕಬೇಡಿರಿ. ಮುಖ ಗಾಜಿನ ಮೇಲೆಯೇ ಉಳಿದು ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ತನ್ನಿರಿ, ಗಾಜಿನ ಮೇಲಿಂದಲೇ ಪ್ರತಿ ತೆಗೆಯಬಹುದು. ಹರಿದದ್ದಕ್ಕೆ ಸೆಲೋಟೇಪು ಹಚ್ಚಬಾರದು, ಅದರ ಗೋಂದು ಹಳದಿಗಟ್ಟಿ ಚಿತ್ರದೊಳಗೆ ಇಳಿಯುತ್ತದೆ. ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸುವ ಆಲ್ಬಮ್ಮುಗಳೂ ಬೇಡ. ಹಿಂಬದಿಯಲ್ಲಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್, ಒತ್ತದೆ. ಬಾಲ್‌ಪೆನ್ನು ಏನು ಮಾಡುತ್ತದೆಂದು ನನ್ನಿಂದ ಕೇಳಿದಿರಿ.

ಮುತ್ತಜ್ಜನ ಕಪ್ಪುಬಿಳುಪು ಚಿತ್ರ ಹೇಗೋ ನಿಂತೀತು. ನಿಮ್ಮ ಮದುವೆಯ ಬಣ್ಣದ ಚಿತ್ರ ನಿಲ್ಲುವುದು ಕಷ್ಟ. 1970-80ರ ದಶಕದ ಬಣ್ಣದ ಫೋಟೊಗಳು ಆಗಲೇ ಕೆಂಪಡರಿವೆ, ಬೆಳಕಿಗೆ ತೂಗುಹಾಕಿದವು ಇನ್ನೂ ಬೇಗ ಹೋಗುತ್ತವೆ. ಮೊದಲು ಅವುಗಳ ಪ್ರತಿ ಮಾಡಿಸಿರಿ. ಮೊಬೈಲಿನಲ್ಲಿ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಹಿಂದಿನ ಸಾಲಿನ ಮುಖಗಳು ಅಳಿಸಿಹೋಗುತ್ತವೆ. ನಾವು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತೇವೆ, ಸಣ್ಣ ಚಿತ್ರವಿದ್ದರೆ 1200ರಲ್ಲಿ. ಪ್ರತಿಗಳು ಮೂರು, ಒಂದು ಮಠದ ಹೊರಗೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಕುಟುಂಬ ಚಿತ್ರಗಳನ್ನು ಹೀಗೆ ಪ್ರತಿ ಮಾಡಿದ್ದಾರೆ. ಆ ನೆರವಿನ ನಿಯಮದಂತೆ ಮೂಲ ಚಿತ್ರಗಳು ದೇಶ ಬಿಟ್ಟು ಹೋಗುವಂತಿಲ್ಲ. ನಾವೂ ಮೂಲ ಚಿತ್ರವನ್ನು ಅದೇ ದಿನ ಮನೆಗೆ ಹಿಂದಿರುಗಿಸುತ್ತೇವೆ, ಇಟ್ಟುಕೊಳ್ಳಿ ಎಂದವರದನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

ಚಿತ್ರ ತರುವಾಗ ಮನೆಯ ಹಿರಿಯರನ್ನೂ ಕರೆತನ್ನಿರಿ. ವಾಡೆಯವರಾದರೆ ನಿಮ್ಮ ಹೊಲದಲ್ಲಿ, ಅಡುಗೆಮನೆಯಲ್ಲಿ, ದನದ ಕೊಟ್ಟಿಗೆಯಲ್ಲಿ ದುಡಿದ ಮನೆಗಳ ಹಿರಿಯರನ್ನೂ ಕರೆಯಿರಿ. ನಿಮ್ಮವರಿಗಿಂತ ಹೆಚ್ಚು ಹೆಸರು ಅವರಿಗೆ ನೆನಪಿರುತ್ತದೆ. ಯಾರು ಗುರುತು ಹಿಡಿದರು, ಯಾವ ದಿನ ಎಂಬುದನ್ನೂ ನೋಂದಣಿ ಪುಸ್ತಕದಲ್ಲಿ ಬರೆಯುತ್ತೇವೆ. ಪ್ರತಿ ಸೋಮವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಕೋಣೆ ತೆರೆದಿರುತ್ತದೆ.

ಕುದುರೆಯ ಚಿತ್ರ ಬಾಗಿಲ ಎಡಗಡೆಯ ಗೋಡೆಯ ಮೇಲಿದೆ, ಗೆರೆ ಹಾಗೆಯೇ ಇದೆ. ಗೋಡೆಯ ನೆರಳಿನಲ್ಲಿ ನಿಂತವರಲ್ಲಿ ಮೂವರ ಗುರುತು ಹತ್ತಿದೆ. ಎಡದಿಂದ ಎರಡನೆಯವರು, ಬುಟ್ಟಿ ಹೊತ್ತ ಹೆಣ್ಣುಮಗಳು, ಇನ್ನೂ ಯಾರೆಂದು ತಿಳಿದಿಲ್ಲ. ಪ್ರಸಾದ ಮುಗಿಸಿ ಹೋಗುವಾಗ ಒಮ್ಮೆ ಒಳಗೆ ಬಂದು ನೋಡಿ ಹೋಗಿರಿ.